ಜುಲೈ ಮಳೆಯಲ್ಲಿ ಮಂಗಳೂರು: ವಿಮಾನವೋ, ರೈಲೋ, ಬಸ್ಸೋ?

ಪ್ರಶ್ನೆ: ನಾವು ವಿಜಯಪುರದವರು. ಜುಲೈ ಮೂರನೇ ವಾರ ನಾಲ್ಕು ದಿನದ ಮಟ್ಟಿಗೆ ಮಂಗಳೂರಿಗೆ ಬರೋ ವಿಚಾರ ಐತ್ರಿ. ನಾನು, ಮನೆಯವರು, ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತರ ಹತ್ತಿರದ ಅವ್ವ. ಅವ್ವಗ ಮೊಣಕಾಲು ನೋವು. ಆದ್ರೂ ಒಮ್ಮೆ ವಿಮಾನದಾಗ ಕೂಡಬೇಕಂತ ಆಕಿಗೆ ಆಸೆ. ಬೆಂಗಳೂರಿಂದ ಸಂಜೆ ವಿಮಾನಕ್ಕ ಬಂದು, ಅದೇ ರಾತ್ರಿ ಟ್ಯಾಕ್ಸಿಯೊಳಗ ಧರ್ಮಸ್ಥಳಕ್ಕ ಹೋಗಿ, ಆಮೇಲೆ ಕುಕ್ಕೆ, ಕಟೀಲು, ಉಡುಪಿ, ಸಮುದ್ರ ನೋಡಿ, ಕಡೀ ದಿನ ಮಧ್ಯಾಹ್ನದ ವಿಮಾನಕ್ಕ ಬೆಂಗಳೂರಿಗೆ ಹೋಗಿ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯೋದು ಅಂತ ಲೆಕ್ಕ ಹಾಕೀವಿ. ಮಳಿ ಎಷ್ಟಿರ್ತದ? ಗುಡ್ಡದ ಮ್ಯಾಲಿನ ಏರ್‌ಪೋರ್ಟ್ ಅಂತಾರ, ಮಳಿಯೊಳಗ ಇಳಿಯೋದು ಭದ್ರ ಐತೇನು? ಊರೊಳಗ ತಿರುಗಾಡಾಕ ಬಸ್ಸಿನ ಅನುಕೂಲ ಹ್ಯಾಂಗ? ಇಲ್ಲಾ ಡಿಸೆಂಬರಕ್ಕ ಹಾಕೋದು ಚಲೋನೋ?

ಉತ್ತರ: ಜುಲೈಯಲ್ಲೇ ಬನ್ನಿ, ಮುಂದೂಡಬೇಡಿ. ಮಳೆಗಾಲದ ಮಂಗಳೂರನ್ನು ನೋಡದವರು ಈ ಊರನ್ನು ಅರ್ಧ ಮಾತ್ರ ನೋಡಿದ್ದಾರೆ ಎನ್ನುವವನು ನಾನು. ಆದರೆ ನಿಮ್ಮ ಲೆಕ್ಕದಲ್ಲಿ ಎರಡು ಕಡೆ ತೀರಾ ಬಿಗಿಯಾಗಿದೆ. ವಿಮಾನ ಇಳಿದ ಕೂಡಲೇ ರಾತ್ರಿ ದಾರಿ ಹಿಡಿಯುವುದು ಒಂದು, ವಿಮಾನ ಇಳಿದ ಕೂಡಲೇ ರೈಲು ಹತ್ತುವುದು ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಂದು ಪ್ರಯಾಣವನ್ನು ಇನ್ನೊಂದರ ಬಾಲಕ್ಕೆ ಕಟ್ಟಬಾರದು. ವಿಮಾನ ಒಂದು ಗಂಟೆ ತಡವಾಗುತ್ತದೆ, ರೈಲು ಘಾಟಿಯಲ್ಲಿ ನಿಲ್ಲುತ್ತದೆ, ರಸ್ತೆಗೆ ಮರ ಬೀಳುತ್ತದೆ. ನಡುವೆ ನಾಲ್ಕೈದು ಗಂಟೆ ಬಿಡುವು ಇಟ್ಟುಕೊಂಡವರಿಗೆ ಇದರಲ್ಲಿ ಯಾವುದೂ ದೊಡ್ಡ ತೊಂದರೆಯಲ್ಲ. ಬಿಡುವು ಇಲ್ಲದವರ ನಾಲ್ಕು ದಿನದ ಪ್ರವಾಸ ಮೊದಲ ರಾತ್ರಿಯೇ ಕೆಡುತ್ತದೆ. ಹಾಗಾಗಿ ನನ್ನ ಸಲಹೆ: ಬರುವಾಗ ರೈಲು, ಹೋಗುವಾಗ ವಿಮಾನ. ಅವ್ವನ ಆಸೆಯೂ ಈಡೇರುತ್ತದೆ. ಏಕೆ ಹೀಗೆ ಎಂಬುದನ್ನು ಮಳೆಯಿಂದಲೇ ಶುರು ಮಾಡಿ ಹೇಳುತ್ತೇನೆ.

ನಿಮ್ಮ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮಿಕ್ಕಿ ಬೀಳುತ್ತದೆ, ಅದರಲ್ಲಿ ಜುಲೈ ಒಂದರದ್ದೇ ಸಾವಿರದ ಆಸುಪಾಸು. ಎರಡೂ ಕಡೆಗೆ ಬರುವುದು ಒಂದೇ ಗಾಳಿ. ಅರಬ್ಬೀ ಸಮುದ್ರದ ಮೇಲಿಂದ ತೇವ ಹೊತ್ತು ಬರುವ ನೈಋತ್ಯ ಮಾರುತ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ ತನ್ನ ನೀರನ್ನೆಲ್ಲ ಕರಾವಳಿ, ಮಲೆನಾಡಿನಲ್ಲೇ ಸುರಿಸಿಬಿಡುತ್ತದೆ. ಘಟ್ಟದ ಆಚೆ ಇಳಿದು ನಿಮ್ಮೂರು ಮುಟ್ಟುವಷ್ಟರಲ್ಲಿ ಅದರ ಬಳಿ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ. ನಿಮ್ಮಲ್ಲಿ ಜುಲೈಯಲ್ಲಿ ಬರೀ ಜೋರು ಗಾಳಿ ಬೀಸಿ ಮೋಡ ಓಡುತ್ತಿರುವ ದಿನವೇ ಇಲ್ಲಿ ಚರಂಡಿ ತುಂಬಿ ಹರಿಯುತ್ತಿರುತ್ತದೆ.

ಮಳೆಯ ಪ್ರಮಾಣಕ್ಕಿಂತ ಅದರ ರೀತಿ ನಿಮಗೆ ಹೊಸದು. ನಿಮ್ಮ ಕಡೆ ಒಂದು ಮಳೆ ಹೊಡೆದು ಹೋಯಿತೆಂದರೆ ಆ ದಿನದ ಮಳೆ ಮುಗಿಯಿತು. ಇಲ್ಲಿ ಜುಲೈಯಲ್ಲಿ ಅರ್ಧ ಗಂಟೆ ಜಡಿಮಳೆ, ಸ್ವಲ್ಪ ತುಂತುರು, ಮೋಡ ಸರಿದು ಬಿಸಿಲಿನ ಒಂದು ಎಳೆ, ಮತ್ತೆ ಜಡಿ. ಹೀಗೆ ದಿನಗಟ್ಟಲೆ ನಡೆಯುತ್ತದೆ. ಸಮುದ್ರದ ಗಾಳಿ ಜೊತೆಗಿರುವುದರಿಂದ ಹನಿ ಓರೆಯಾಗಿ ಬೀಳುತ್ತದೆ. ಕೊಡೆ ಹಿಡಿದರೂ ಸೊಂಟದಿಂದ ಕೆಳಗೆ ಒದ್ದೆಯಾಗುವುದು ಖಂಡಿತ. ಅದಕ್ಕೇ ಮಳೆ ನಿಲ್ಲಲಿ ಎಂದು ಯಾರೂ ಕಾಯುವುದಿಲ್ಲ. ಕೊಡೆ ಬಿಡಿಸಿ ಹೊರಡುತ್ತಾರೆ, ಅಂಗಡಿ ತೆರೆಯುತ್ತಾರೆ, ಮದುವೆ ಊಟವೂ ನಡೆಯುತ್ತದೆ. ನೀವೂ ಹಾಗೇ ಮಾಡಬೇಕು. ಹೋಟೆಲ್ ಕೋಣೆಯಲ್ಲಿ ಕಿಟಕಿ ನೋಡುತ್ತಾ ಕೂತರೆ ನಾಲ್ಕು ದಿನವೂ ಅಲ್ಲೇ ಕಳೆದೀತು.

ಚಳಿ ಇರುವುದಿಲ್ಲ. ಹಗಲಿಗೆ 28-29 ಡಿಗ್ರಿ, ರಾತ್ರಿ 23ರ ಹತ್ತಿರ. ಸ್ವೆಟರ್ ತರಬೇಡಿ, ಬಟ್ಟೆ ಮಾತ್ರ ಎರಡು ಜೊತೆ ಹೆಚ್ಚು ತನ್ನಿ. ತೊಳೆದದ್ದು ಒಣಗುವುದಿಲ್ಲ, ಫ್ಯಾನ್ ಕೆಳಗೆ ಹರವಿಟ್ಟರೂ ಬೆಳಿಗ್ಗೆ ಮುಗ್ಗಲು ವಾಸನೆ ಬರುತ್ತದೆ. ಅವ್ವ ಇಳಕಲ್ ಸೀರೆ ಉಡುವವರಾದರೆ ಹತ್ತಿಯದ್ದನ್ನು ಊರಲ್ಲೇ ಬಿಟ್ಟು ತೆಳುವಾದ, ಬೇಗ ಆರುವ ಸೀರೆ ತರಲಿ. ಒದ್ದೆಯಾದ ಹತ್ತಿ ಸೀರೆಯ ನೆರಿಗೆ ಭಾರಕ್ಕೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಮೊಣಕಾಲು ನೋವಿರುವವರು ಎಡವುವುದೇ ಅಲ್ಲಿ. ಚಪ್ಪಲಿ ಹಿಂದೆ ಪಟ್ಟಿಯಿರುವ ರಬ್ಬರಿನದ್ದಾಗಲಿ. ಹವಾಯಿ ಚಪ್ಪಲಿ ಹೆಜ್ಜೆ ಹೆಜ್ಜೆಗೂ ಕೆಸರನ್ನು ಸೀರೆಯ ಹಿಂಭಾಗಕ್ಕೆ ಚಿಮ್ಮಿಸುತ್ತದೆ, ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರುತ್ತದೆ. ಇಲ್ಲಿಯ ದೇವಸ್ಥಾನಗಳ ಅಂಗಳ, ಹಳೆ ಮನೆಗಳ ಮೆಟ್ಟಿಲು, ರಸ್ತೆಬದಿಯ ತಡೆಗೋಡೆ ಎಲ್ಲ ಕೆಂಪು ಮುರಕಲ್ಲು. ಜುಲೈಯಲ್ಲಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಹಸಿರು ಪದರ ಕೂತಿರುತ್ತದೆ. ದೇವಸ್ಥಾನದೊಳಗೆ ಬರಿಗಾಲಲ್ಲೇ ನಡೆಯಬೇಕಲ್ಲ, ಅವ್ವನ ಕೈಯನ್ನು ಒಬ್ಬರು ಹಿಡಿದೇ ಇರಲಿ.

ಇನ್ನೊಂದು ಮಾತು, ನಿಮ್ಮ ಕಡೆಯವರಿಗೆಂದೇ ಹೇಳುವುದು. ಬುತ್ತಿಗೆ ಖಡಕ್ ರೊಟ್ಟಿ ಕಟ್ಟಿಕೊಂಡು ಬರುತ್ತೀರಿ, ತಿಂಗಳಿಟ್ಟರೂ ಕೆಡದ ರೊಟ್ಟಿ ಅದು. ಇಲ್ಲಿಯ ಗಾಳಿಗೆ ತೆರೆದಿಟ್ಟರೆ ಸಂಜೆಯೊಳಗೆ ತೊಗಲಿನ ಹಾಗಾಗುತ್ತದೆ, ಮುರಿಯುವುದಿಲ್ಲ, ಎಳೆಯಬೇಕಾಗುತ್ತದೆ. ಬಟ್ಟೆಯಲ್ಲಿ ಸುತ್ತಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತನ್ನಿ, ಶೇಂಗಾ ಚಟ್ನಿಪುಡಿಯೂ ಹಾಗೇ.

ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ದಿನಾ ನೋಡುವ ಅಭ್ಯಾಸ ಮಾಡಿಕೊಳ್ಳಿ. ಜುಲೈಯಲ್ಲಿ ಹಳದಿ ಎಚ್ಚರಿಕೆ ಇಲ್ಲದ ದಿನವೇ ಕಡಿಮೆ, ಅದಕ್ಕೆ ಹೆದರಬೇಕಿಲ್ಲ. ಕಿತ್ತಳೆ ಎಂದರೆ 24 ಗಂಟೆಯಲ್ಲಿ 115 ಮಿ.ಮೀ. ದಾಟಬಹುದೆಂಬ ಸೂಚನೆ. ಆ ದಿನ ಊರೊಳಗೇ ಇರಿ, ಘಾಟಿಯ ಕಡೆ ಹೋಗಬೇಡಿ. ಕೆಂಪು ಎಂದರೆ 204 ಮಿ.ಮೀ.ಗಿಂತಲೂ ಹೆಚ್ಚು, ಅಂದರೆ ನಿಮ್ಮ ಇಡೀ ವರ್ಷದ ಮಳೆಯ ಮೂರನೇ ಒಂದು ಪಾಲು ಒಂದೇ ದಿನದಲ್ಲಿ. ಅಂಥ ದಿನಗಳಲ್ಲಿ ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೇ ಶಾಲೆ ಕಾಲೇಜಿಗೆ ರಜೆ ಸಾರುತ್ತಾರೆ. ಶಾಲೆಗೆ ರಜೆ ಕೊಟ್ಟರೆಂದು ಕೇಳಿದರೆ ಪ್ರವಾಸಿಗರೂ ಆ ದಿನದ ದೂರದ ಯೋಜನೆಯನ್ನು ಬಿಡಬೇಕು. ಇದಕ್ಕಿಂತ ಸುಲಭವಾದ ಅಳತೆ ನನಗೆ ಗೊತ್ತಿಲ್ಲ.

ಸಮುದ್ರ ನೋಡುವ ಆಸೆಗೆ ಅಡ್ಡ ಬರುವುದಿಲ್ಲ, ನೋಡಿ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಯಾವುದಾದರೂ ಸರಿ. ನೀರಿಗೆ ಮಾತ್ರ ಇಳಿಯಬಾರದು, ಪಾದ ತೋಯಿಸುವುದೂ ಬೇಡ. ಜುಲೈಯ ತೆರೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನು ಎಳೆದುಕೊಂಡೇ ಹೋಗುತ್ತದೆ. ಮಕ್ಕಳಿಗೆ ಈಜು ಬರುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಾವಿ, ಕೆರೆಯಲ್ಲಿ ಕಲಿತ ಈಜಿಗೂ ಈ ನೀರಿಗೂ ಸಂಬಂಧವಿಲ್ಲ. ಮೀನುಗಾರರೇ ಇಳಿಯದ ಕಾಲ ಅದು: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಮೀನು ತಿನ್ನುವವರಾದರೆ ಈ ಸಮಯದಲ್ಲಿ ಆಯ್ಕೆ ಕಡಿಮೆ, ಬೆಲೆ ಹೆಚ್ಚು ಎಂಬುದೂ ತಿಳಿದಿರಲಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೊಳೆ ದಾಟಿಸುವ ದೋಣಿಯನ್ನೂ ಮಳೆಗಾಲದಲ್ಲಿ ನೆಚ್ಚಬೇಡಿ, ರಸ್ತೆಯಿಂದಲೇ ಹೋಗಿ.

ಈಗ ವಿಮಾನ ನಿಲ್ದಾಣ. ಜನರ ಬಾಯಲ್ಲಿ ಬಜ್ಪೆ ಏರ್‌ಪೋರ್ಟ್, ಇರುವುದು ಬಜ್ಪೆಯ ಪಕ್ಕದ ಕೆಂಜಾರಿನಲ್ಲಿ, ಊರ ನಡುವಿನ ಹಂಪನಕಟ್ಟೆಯಿಂದ ಹದಿಮೂರು-ಹದಿನಾಲ್ಕು ಕಿ.ಮೀ. ದೂರ. 1951ರ ಡಿಸೆಂಬರ್ 25ರಂದು ನೆಹರೂ ಅವರ ವಿಮಾನ ಇಳಿದು ಇದು ಆರಂಭವಾಯಿತು. ಗುಡ್ಡದ ನೆತ್ತಿಯನ್ನು ಸಮಮಾಡಿ ರನ್‌ವೇ ಕಟ್ಟಿದ್ದಾರೆ, ತುದಿಗಳಲ್ಲಿ ನೆಲ ಇಳಿಜಾರಾಗಿ ಕಣಿವೆಗೆ ಹೋಗುತ್ತದೆ. ಟೇಬಲ್‌ಟಾಪ್ ಎನ್ನುವುದು ಇದನ್ನೇ. ಹಳೆಯ ರನ್‌ವೇ 1,615 ಮೀಟರ್ ಇತ್ತು. 2006ರಲ್ಲಿ ಬಳಕೆಗೆ ಬಂದ ಎರಡನೆಯದು 2,450 ಮೀಟರ್, ದೊಡ್ಡ ಜೆಟ್ ವಿಮಾನಗಳು ಇಳಿಯುವುದು ಇದರ ಮೇಲೆ.

ಅವ್ವನ ಎದುರು ಯಾರಾದರೂ 2010ರ ದುರಂತದ ಮಾತು ತೆಗೆದೇ ತೆಗೆಯುತ್ತಾರೆ. ಆದ್ದರಿಂದ ಸರಿಯಾದ ಸಂಗತಿ ನಿಮಗೆ ಗೊತ್ತಿರಲಿ. ಆ ವರ್ಷದ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಹೋದರು, ಬದುಕಿದವರು ಎಂಟೇ ಮಂದಿ. ನಮ್ಮ ಜಿಲ್ಲೆಯಲ್ಲಿ, ಗಡಿಯಾಚೆಯ ಕಾಸರಗೋಡಿನಲ್ಲಿ ಆ ನೋವು ತಟ್ಟದ ಊರು ಕಡಿಮೆ. ಆದರೆ ಅದು ಮಳೆಯ ದಿನವಾಗಿರಲಿಲ್ಲ. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಳಿಯುತ್ತಿಲ್ಲ ಎಂದು ಗೊತ್ತಾದ ಮೇಲೂ ಇಳಿಸುವುದನ್ನು ಕೈಬಿಡದೆ ಮುಂದುವರಿದದ್ದೇ ಕಾರಣ ಎಂದು ತನಿಖೆ ಹೇಳಿತು. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ನೀವು ಕೂತ ವಿಮಾನ ಇಳಿಯುತ್ತಾ ಇಳಿಯುತ್ತಾ ಒಮ್ಮೆಲೇ ಸದ್ದು ಮಾಡಿ ಮೇಲೇರಬಹುದು, ಅಥವಾ ಗುಡ್ಡದ ಮೇಲೆ ಮೋಡ ಕೂತಿದೆಯೆಂದು ಸುತ್ತು ಹೊಡೆಯಬಹುದು. ರನ್‌ವೇ ಕಾಣದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸಿಯೂ ಬಿಡುತ್ತಾರೆ. ಹೊಸಬರಿಗೆ ಎದೆ ಝಲ್ಲೆನ್ನುತ್ತದೆ. ವಿಮಾನ ಇಳಿಸಬಾರದ ಹೊತ್ತಿನಲ್ಲಿ ಇಳಿಸದೆ ಮೇಲೇರುವ ಪೈಲಟ್ ನಿಮ್ಮ ಜೀವ ಕಾಯುತ್ತಿದ್ದಾರೆ ಎಂದು ಅವ್ವನಿಗೆ ಮೊದಲೇ ಹೇಳಿಡಿ. ಇಳಿಯುವುದು ಭದ್ರವೇ ಎಂದು ಕೇಳಿದ್ದೀರಿ. ಭದ್ರ. ಸಮಯಕ್ಕೆ ಸರಿಯಾಗಿ ಇಳಿಯುತ್ತದೆಯೇ ಎಂದರೆ ಜುಲೈಯಲ್ಲಿ ನಾನು ಮಾತು ಕೊಡಲಾರೆ. ಸಂಜೆ ವಿಮಾನದಲ್ಲಿ ಬಂದು ಧರ್ಮಸ್ಥಳದ ದಾರಿ ಹಿಡಿಯಬೇಡಿ ಎಂದದ್ದು ಅದಕ್ಕೇ. ಇಳಿಯುವುದು ತಡವಾದರೆ ನೀವು ಬಿ.ಸಿ. ರೋಡ್ ದಾಟುವುದೇ ರಾತ್ರಿ ಹತ್ತಕ್ಕೆ. ಅಲ್ಲಿಂದ ಪುಂಜಾಲಕಟ್ಟೆ, ಗುರುವಾಯನಕೆರೆ, ಉಜಿರೆಯವರೆಗಿನ ದಾರಿ ಕತ್ತಲೆ, ತಿರುವು. ಹೆದ್ದಾರಿ ಅಗಲ ಮಾಡುವ ಕೆಲಸದ ಮಣ್ಣು ಮಳೆಗೆ ಕೆಸರಾಗಿ ರಸ್ತೆಗೆ ಹರಿದಿರುವುದೂ ಉಂಟು. ಮಕ್ಕಳಿಗೆ, ವಯಸ್ಸಾದವರಿಗೆ ಆ ಪ್ರಯಾಣ ಹಿತವಲ್ಲ.

ಬರುವುದಕ್ಕೆ ನಿಮ್ಮೂರಿನಿಂದಲೇ ನೇರ ರೈಲಿದೆಯಲ್ಲ! ವಿಜಯಪುರ–ಮಂಗಳೂರು ರೈಲು ಬಾಗಲಕೋಟೆ, ಗದಗ, ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನದ ಮೇಲೆ ಬಂದು ಸಕಲೇಶಪುರದಿಂದ ಘಾಟಿ ಇಳಿಯುತ್ತದೆ. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ಕರಾವಳಿ. ಬೆಂಗಳೂರಿಗೆ ಬಂದು, ಅಲ್ಲಿಂದ ದೇವನಹಳ್ಳಿಗೆ ಹೋಗಿ, ಕಾದು, ಹಾರಿ ಬರುವ ಒಟ್ಟು ಹೊತ್ತನ್ನು ಲೆಕ್ಕ ಹಾಕಿದರೆ ರೈಲು ಹಿಂದೆ ಬೀಳುವುದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ, ಇಳಿಜಾರು 50 ಅಡಿಗೆ ಒಂದಡಿ. ಬೆಳಕು ಹರಿದಿದ್ದರೆ ಕಿಟಕಿಯಾಚೆ ಎಣಿಸಿ ಮುಗಿಯದಷ್ಟು ನೀರಿನ ಝರಿಗಳು ಕಾಣುತ್ತವೆ. ಮಕ್ಕಳನ್ನು ಎಬ್ಬಿಸಿ ತೋರಿಸಿ.

ಈ ಮಾರ್ಗವೂ ಮಳೆಗೆ ಹೊರತಲ್ಲ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಗುಡ್ಡ ಜರಿದು ಪ್ರಯಾಣಿಕರ ರೈಲುಗಳು ಹತ್ತು ದಿನಕ್ಕೂ ಹೆಚ್ಚು ನಿಂತಿದ್ದವು. ರಸ್ತೆಯಲ್ಲಿ ಶಿರಾಡಿ, ಚಾರ್ಮಾಡಿ, ಸಂಪಾಜೆ ಯಾವ ಘಾಟಿ ಹಿಡಿದರೂ ಅದೇ ಮಾತು. 2018ರ ಆಗಸ್ಟ್‌ನಲ್ಲಂತೂ ಶಿರಾಡಿ, ಸಂಪಾಜೆ ಎರಡೂ ಕಡೆ ಗುಡ್ಡ ಕುಸಿದು ಕರಾವಳಿಗೂ ಘಟ್ಟದ ಮೇಲಿಗೂ ಸಂಪರ್ಕವೇ ಕಷ್ಟವಾಗಿತ್ತು. ಹೊರಡುವ ಹಿಂದಿನ ದಿನ ರೈಲು ಓಡುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ರೈಲು ರದ್ದಾದರೆ ಹಣ ವಾಪಸ್ ಬರುತ್ತದೆ.

ಟಿಕೆಟ್ ತೆಗೆಯುವಾಗ ಒಂದು ಉಪಾಯ. ಐವರನ್ನೂ ಒಂದೇ ಟಿಕೆಟ್‌ಗೆ ಸೇರಿಸಿದರೆ ಹಿರಿಯರ ಕೆಳಬರ್ತ್ ಕೋಟಾ ಸಿಗುವುದಿಲ್ಲ. ಒಂದು ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ ಅದು ಸಿಗುವುದು. ಅವ್ವನದ್ದನ್ನು ಬೇರೆಯಾಗಿ ಆ ಕೋಟಾದಲ್ಲಿ ತೆಗೆಯಿರಿ, ಉಳಿದ ನಾಲ್ವರದ್ದು ಇನ್ನೊಂದು.

ಮುಖ್ಯವಾದ ಬದಲಾವಣೆ ಇದು: ಮಂಗಳೂರಿನವರೆಗೆ ಬರಬೇಡಿ, ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದುಬಿಡಿ. ಅದಿರುವುದು ನೆಟ್ಟಣದಲ್ಲಿ, ಅಲ್ಲಿಂದ ಕುಕ್ಕೆ ಹತ್ತು-ಹನ್ನೆರಡು ಕಿ.ಮೀ., ನಿಲ್ದಾಣದ ಹೊರಗೆ ಜೀಪು, ಆಟೊ, ಬಸ್ಸು ಸಿಗುತ್ತವೆ. ಅಂದು ಕುಕ್ಕೆ ದರ್ಶನ, ಊಟ, ಮಧ್ಯಾಹ್ನ ಮೇಲೆ ಧರ್ಮಸ್ಥಳ. ನಡುವಿನ ದಾರಿ ಐವತ್ತು ಕಿ.ಮೀ. ಆಸುಪಾಸು, ಹಗಲು ಹೊತ್ತಿನಲ್ಲೇ ಮುಗಿಯುತ್ತದೆ. ಮರುದಿನ ಧರ್ಮಸ್ಥಳ ಮುಗಿಸಿ 75 ಕಿ.ಮೀ. ದೂರದ ಮಂಗಳೂರಿಗೆ. ನೀವು ಹಾಕಿದ್ದ ಹಾಗೆ ಮಂಗಳೂರಿಗೆ ಬಂದು ಮತ್ತೆ ಘಟ್ಟದ ಬುಡಕ್ಕೆ ಹಿಂದಿರುಗುವುದು ಇದರಿಂದ ತಪ್ಪುತ್ತದೆ. ಕುಮಾರಧಾರಾ, ನೇತ್ರಾವತಿ ಎರಡೂ ಕಡೆ ಸ್ನಾನಘಟ್ಟದ ಹತ್ತಿರ ಮಾತ್ರ ಹುಷಾರು. ಜೋರು ಮಳೆ ಬಂದಾಗ ಕುಮಾರಧಾರಾ ಸ್ನಾನಘಟ್ಟ ಪೂರ್ತಿ ಮುಳುಗುವುದು ಪ್ರತಿ ವರ್ಷದ ಸಂಗತಿ. ಕಾವಲಿನವರು ಬೇಡವೆಂದರೆ ತಲೆಗೆ ಪ್ರೋಕ್ಷಣೆ ಮಾಡಿಕೊಂಡು ಬನ್ನಿ, ದೇವರು ಒಪ್ಪುತ್ತಾನೆ.

ಬಸ್ಸಿನ ವಿಷಯಕ್ಕೆ ಬರೋಣ. ಶಕ್ತಿ ಯೋಜನೆ ಇದೆಯಲ್ಲ ಎಂದು ಆಧಾರ್ ಕಾರ್ಡ್ ಹಿಡಿದು ಬರುವ ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಗೊಂದಲವಾಗುತ್ತದೆ. ನಿಮ್ಮಲ್ಲಿ ಬಸ್ಸು ಎಂದರೆ ಸರ್ಕಾರಿ ಬಸ್ಸೇ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು, ಅವುಗಳಲ್ಲಿ ಎಲ್ಲರೂ ದುಡ್ಡು ಕೊಟ್ಟೇ ಟಿಕೆಟ್ ತೆಗೆಯಬೇಕು. ಉಡುಪಿ ಕಡೆಗೆ, ಕಟೀಲು, ಮೂಡುಬಿದಿರೆ ಕಡೆಗೆ ಓಡುವವೂ ಹೆಚ್ಚಾಗಿ ಖಾಸಗಿಯವೇ. ಧರ್ಮಸ್ಥಳ, ಸುಬ್ರಹ್ಮಣ್ಯ, ಪುತ್ತೂರು ಕಡೆ ಮಾತ್ರ ಕೆಎಸ್‌ಆರ್‌ಟಿಸಿಯ ಕಾರುಬಾರು. ಆ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಅವ್ವನಿಗೆ, ಮನೆಯವರಿಗೆ ಶಕ್ತಿ ಟಿಕೆಟ್ ಸಿಗುತ್ತದೆ. ರಾಜಹಂಸ, ಎಸಿ, ಸ್ಲೀಪರ್‌ಗಳಿಗೆ ಆ ಸೌಲಭ್ಯ ಇಲ್ಲ.

ಬಸ್ ಸ್ಟ್ಯಾಂಡ್ ಎಂದು ಬರೀ ಅಷ್ಟೇ ಹೇಳಿದರೆ ಆಟೊದವರು ಯಾವುದು ಎಂದು ಕೇಳುತ್ತಾರೆ. ಸರ್ಕಾರಿ ನಿಲ್ದಾಣ ಬಿಜೈಯಲ್ಲಿದೆ. ಖಾಸಗಿ ಸಿಟಿ ಬಸ್ಸುಗಳು ಸೇರುವುದು ಸ್ಟೇಟ್ ಬ್ಯಾಂಕ್‌ನಲ್ಲಿ, ಅಂದರೆ ಆ ಹೆಸರಿನ ಬಸ್ ನಿಲ್ದಾಣದಲ್ಲಿ. ಎರಡರ ನಡುವೆ ಮೂರು ಕಿ.ಮೀ. ಹತ್ತಿರ ದೂರವಿದೆ. ರೈಲು ನಿಲ್ದಾಣವೂ ಎರಡು. ಸೆಂಟ್ರಲ್ ಊರ ನಡುವೆ ಹಂಪನಕಟ್ಟೆಯ ಪಕ್ಕದಲ್ಲಿದೆ, ಜಂಕ್ಷನ್ ಐದಾರು ಕಿ.ಮೀ. ದೂರದ ಪಡೀಲ್‌ನಲ್ಲಿ. ಟಿಕೆಟ್‌ನಲ್ಲಿ ಯಾವುದು ಬರೆದಿದೆ ಎಂದು ಓದಿಕೊಳ್ಳದೆ ಆಟೊ ಹತ್ತಿ ರೈಲು ತಪ್ಪಿಸಿಕೊಂಡವರನ್ನು ಕಂಡಿದ್ದೇನೆ.

ಸಿಟಿ ಬಸ್ಸುಗಳು ಬೆಳಿಗ್ಗೆಯಿಂದ ರಾತ್ರಿ ಒಂಬತ್ತರ ಹತ್ತಿರದವರೆಗೆ ಒಂದರ ಹಿಂದೊಂದು ಬರುತ್ತವೆ. ಪ್ರತಿ ದಾರಿಗೂ ಸಂಖ್ಯೆ ಇದೆ, ಆದರೆ ನೀವು ಅದನ್ನು ಬಾಯಿಪಾಠ ಮಾಡಬೇಕಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುತ್ತಾನೆ. ಇಳಿಯುವ ಜಾಗ ಮೊದಲೇ ಹೇಳಿ, ಹತ್ತಿರ ಬಂದಾಗ ಅವನೇ ಕರೆಯುತ್ತಾನೆ. ಇಲ್ಲಿಯ ಜನ ತಮ್ಮೊಳಗೆ ತುಳು, ಕೊಂಕಣಿ, ಬ್ಯಾರಿ ಆಡುತ್ತಿರುತ್ತಾರೆ, ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ. ಅದರ ಚಿಂತೆ ಬೇಡ. ಆದರೆ ಬಸ್ಸು ನಿಲ್ಲುವುದು ಕ್ಷಣ ಹೊತ್ತು, ಸೀಟಿ ಊದಿದ ಕೂಡಲೇ ಹೊರಟುಬಿಡುತ್ತದೆ. ಮೆಟ್ಟಿಲೂ ಎತ್ತರ, ಮಳೆಗೆ ಒದ್ದೆ. ಅವ್ವನನ್ನು ಸಿಟಿ ಬಸ್ಸಿಗೆ ಹತ್ತಿಸಬೇಡಿ ಎಂದೇ ನಾನು ಹೇಳುವುದು. ಇದರಲ್ಲಿ ಹಣ ಉಳಿಸಲು ಹೋಗಬೇಡಿ. ಊರೊಳಗೆ ಅವರಿಗೆ ಆಟೊ ಸರಿ. ಇಲ್ಲಿ ಹೆಚ್ಚಿನವರು ಮೀಟರ್ ಹಾಕುತ್ತಾರೆ. ಆಟೊದ ಎರಡೂ ಬದಿಗೆ ಮಳೆಗಾಲದಲ್ಲಿ ಟಾರ್ಪಾಲಿನ ಪರದೆ ಇಳಿಬಿಟ್ಟಿರುತ್ತಾರೆ, ಒಳಗೆ ಕೂತವರಿಗೆ ಹೊರಗಿನದ್ದು ಕಾಣುವುದಿಲ್ಲ, ಒದ್ದೆಯಂತೂ ಆಗುವುದಿಲ್ಲ. ಐವರು ಒಂದೇ ಆಟೊದಲ್ಲಿ ಕೂರುವಂತಿಲ್ಲ. ದೂರದ ಜಾಗಗಳಿಗೆ ದಿನದ ಬಾಡಿಗೆಗೆ ಕಾರು ಮಾಡಿಕೊಳ್ಳಿ, ಹಳದಿ ಫಲಕದ್ದೇ ಆಗಿರಲಿ. ಓಲಾ, ಊಬರ್ ಇವೆ, ಆದರೆ ಜೋರು ಮಳೆ ಬಂದ ಸಂಜೆ ಅವು ಸಿಗುವುದು ಕಷ್ಟ.

ಎರಡನೇ ದಿನ ಸಂಜೆಯೊಳಗೆ ಮಂಗಳೂರಿಗೆ ಬಂದು ಕೋಣೆ ಹಿಡಿದರೆ ಮೂರನೇ ದಿನ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ. ಉಡುಪಿ, ಕಟೀಲು ಎರಡನ್ನೂ ಒಂದೇ ದಿನಕ್ಕೆ ತುರುಕುವವರಿದ್ದಾರೆ, ಕಾರಿದ್ದರೆ ಸಾಧ್ಯವೂ ಹೌದು. ಅವ್ವನ ಕಾಲು ನೋಡಿ ನಿರ್ಧರಿಸಿ. ಉಡುಪಿ 55-60 ಕಿ.ಮೀ. ಹೋಗುವಾಗ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದುಂಟು. ಪಂಪ್‌ವೆಲ್, ಪಡೀಲ್ ಕೆಳಸೇತುವೆಯೂ ಹಾಗೇ. ನಿಂತ ನೀರಿಗೆ ಕಾರು ಇಳಿಸಲು ಚಾಲಕ ಹಿಂಜರಿದರೆ ಒತ್ತಾಯ ಮಾಡಬೇಡಿ. ಮಳೆ ಬಿಡದೇ ಹೊಡೆಯುತ್ತಿದ್ದರೆ ಉಡುಪಿ ಬಿಟ್ಟು ಊರಲ್ಲೇ ಇರಿ: ಕದ್ರಿ ಮಂಜುನಾಥ, ಕುದ್ರೋಳಿ ಗೋಕರ್ಣನಾಥ, ಮಂಗಳಾದೇವಿ ಮೂರೂ ಹತ್ತಿರ ಹತ್ತಿರ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ತಪ್ಪಿಸಬೇಡಿ. ಇಟಲಿಯ ಅಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದರ ಗೋಡೆ, ಚಾವಣಿ ತುಂಬ ಚಿತ್ರ ಬರೆದಿದ್ದಾರೆ. ಹೊರಗೆ ಮಳೆ ಸುರಿಯುವಾಗ ಬೆಂಚಿನ ಮೇಲೆ ಕೂತು ತಲೆಯೆತ್ತಿ ನೋಡಬಹುದು, ಮೊಣಕಾಲಿಗೂ ಬಿಡುವು. ಮಕ್ಕಳಿಗೆ ಪಿಲಿಕುಳದ ತಾರಾಲಯ ಹಿಡಿಸುತ್ತದೆ, ಸೋಮವಾರ ಅಲ್ಲಿ ರಜೆ. ಯಕ್ಷಗಾನ ಕೇಳಬಹುದೇ ಎಂದು ಹಲವರು ಕೇಳುತ್ತಾರೆ. ಕಟೀಲು ಮೇಳದ ತಿರುಗಾಟ ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ಆಟಗಳು ನಿಲ್ಲುವ ದಿನಕ್ಕೆ, ಮುಗಿದಿರುತ್ತದೆ, ಬಯಲಾಟ ಮತ್ತೆ ಶುರುವಾಗುವುದು ಮಳೆ ಕಳೆದ ಮೇಲೆ.

ಕಟೀಲಿಗೆ ಮೂರನೇ ದಿನವೇ ಹೋಗಿ, ಹೊರಡುವ ದಿನಕ್ಕೆ ಇಡಬೇಡಿ. ದಾರಿ ಕಾವೂರು, ಮರವೂರು, ಬಜ್ಪೆಯ ಮೇಲೆಯೇ ಹೋಗುವುದರಿಂದ ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತು ಬೇಕೆಂದು ನಿಮಗೂ ಅಂದಾಜಾಗುತ್ತದೆ. ನಂದಿನಿ ನದಿಯ ನಡುವಿನ ಆ ದೇವಸ್ಥಾನ ಮಳೆಗಾಲದಲ್ಲಿ ನೋಡಬೇಕಾದದ್ದು, ಎರಡೂ ಕಡೆ ಕೆಂಪು ನೀರು ಬಂಡೆಗೆ ಬಡಿದು ಹರಿಯುತ್ತಿರುತ್ತದೆ. ಮಧ್ಯಾಹ್ನದ ಅನ್ನಪ್ರಸಾದವೂ ಇದೆ.

ಹಿಂದಿರುಗಲು ಬೆಳಗಿನ ವಿಮಾನವನ್ನೇ ತೆಗೆಯಿರಿ. ಬೆಂಗಳೂರಿಗೆ ಹಾರಾಟ ಒಂದು ಗಂಟೆಯದ್ದು. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ವಾಯು ವಜ್ರ ಬಸ್ಸಿನಲ್ಲಿ 35 ಕಿ.ಮೀ. ಮಿಕ್ಕಿದ ದಾರಿ, ಸಂಚಾರ ದಟ್ಟಣೆಯಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಹೊರಟರೆ ವಿಮಾನ ಮೂರು ಗಂಟೆ ತಡವಾದರೂ ಸಂಜೆಯ ಗೋಲಗುಂಬಜ್ ತಪ್ಪುವುದಿಲ್ಲ. ಮಧ್ಯಾಹ್ನದ್ದಾದರೆ ಒಂದು ಗಂಟೆ ತಡವೇ ಸಾಕು ತಪ್ಪಿಸಲು. ನಿಲ್ದಾಣಕ್ಕೆ ಹೊರಡುವಾಗಲೂ ಬೇಗ ಹೊರಡಿ. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದು ಇಡೀ ಸಂಚಾರವನ್ನು ಗುರುಪುರ, ಕೈಕಂಬದ ಮೇಲೆ ಸುತ್ತಿಸಿದ್ದರು. ಅಂಥದ್ದು ದಿನಾ ಆಗುವುದಿಲ್ಲ, ಆದರೂ ಸಾಮಾನ್ಯ ದಿನಕ್ಕಿಂತ ಒಂದು ಗಂಟೆ ಮುಂಚೆ ಹೊರಡುವುದು ಮಳೆಗಾಲದ ಕ್ರಮ.

ಟಿಕೆಟ್ ತೆಗೆಯುವಾಗಲೇ ಅವ್ವನಿಗೆ ವೀಲ್‌ಚೇರ್ ಬೇಕೆಂದು ಗುರುತು ಹಾಕಿ. ಯಾವ ಬಗೆಯ ವಿಮಾನ ಎಂಬುದನ್ನೂ ನೋಡಿ. ಎಟಿಆರ್ ಎಂದಿದ್ದರೆ ಅದು ರೆಕ್ಕೆಗೆ ಪಂಖವಿರುವ ಸಣ್ಣ ವಿಮಾನ, ಬಯಲಿನಲ್ಲಿ ನಡೆದು ಅದರ ಕಿರಿದಾದ ಮೆಟ್ಟಿಲು ಹತ್ತಬೇಕು. ಜೆಟ್ ವಿಮಾನವಾದರೆ ಏರೋಬ್ರಿಜ್ ಸಿಗುವ ಸಾಧ್ಯತೆ ಹೆಚ್ಚು, ಮಳೆಯೂ ತಾಗುವುದಿಲ್ಲ. ದರ ನೂರಿನ್ನೂರು ಹೆಚ್ಚಾದರೂ ಅದನ್ನೇ ಆರಿಸಿ. ಕಿಟಕಿಯ ಸೀಟು ಅವ್ವನಿಗೆ. ಮೋಡ ಹರಿದಿದ್ದರೆ ಮೇಲೇರಿದ ಸ್ವಲ್ಪ ಹೊತ್ತಿಗೇ ಘಟ್ಟದ ಸಾಲು ಕಾಣುತ್ತದೆ, ಅದರ ಆಚೆ ನೆಲದ ಬಣ್ಣವೇ ಬದಲಾಗುತ್ತದೆ.

ಕೊನೆಗೆ ಡಿಸೆಂಬರ್. ಮಕ್ಕಳು ಮರಳಲ್ಲಿ, ನೀರಲ್ಲಿ ಆಡಲೇಬೇಕು ಎಂದು ಹಟ ಹಿಡಿದಿದ್ದರೆ ಮಾತ್ರ ಆಗ ಬನ್ನಿ. ಸಮುದ್ರ ಶಾಂತವಾಗಿರುತ್ತದೆ, ರೈಲು ವಿಮಾನ ಹೊತ್ತಿಗೆ ಸರಿಯಾಗಿ ಬರುತ್ತವೆ. ಆದರೆ ಚಳಿಗಾಲ ಎಂದು ನಂಬಿ ಬಂದವರು ಮೋಸ ಹೋಗುತ್ತಾರೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಪೂರ್ವದ ಒಣಗಾಳಿ ಬೀಸಿ ಕಡಲ ಗಾಳಿ ಒಳಗೆ ಬರುವುದನ್ನು ತಡೆದಿರುತ್ತದೆ, ಹಾಗಾಗಿ ನಡುಹಗಲಿಗೆ 34-35 ಡಿಗ್ರಿ ಮುಟ್ಟುತ್ತದೆ. ನಿಮ್ಮ ಕಡೆ ನಲವತ್ತು ಕಂಡವರಿಗೆ ಇದೇನು ಎನ್ನಿಸಬಹುದು. ನಿಮ್ಮಲ್ಲಿ ಬೆವರು ಬಂದದ್ದು ಆರುತ್ತದೆ, ಕಡಲ ಗಾಳಿ ತಿರುಗಿದ ಮೇಲೆ ಇಲ್ಲಿ ಆರುವುದಿಲ್ಲ, ಅಂಗಿ ಬೆನ್ನಿಗಂಟಿಕೊಂಡೇ ಇರುತ್ತದೆ. ಏಪ್ರಿಲ್, ಮೇ ಬಂದರಂತೂ ಅದು ಇನ್ನೂ ಹೆಚ್ಚು. ಜನಸಂದಣಿಯೂ ಡಿಸೆಂಬರ್‌ನಲ್ಲಿ ಬೇರೆ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ, ಅದರ ಬೆನ್ನಿಗೆ ಕುಕ್ಕೆಯ ಚಂಪಾಷಷ್ಠಿ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯ ಪರ್ಯಾಯ. ಈ ದಿನಗಳ ಸುತ್ತ ಕೋಣೆ ಸಿಗುವುದೇ ಕಷ್ಟ, ಸಾಲಿನಲ್ಲಿ ನಿಲ್ಲುವುದು ಅವ್ವನಿಂದ ಆಗದು. ಪಂಚಾಂಗ ನೋಡಿ ಆ ದಿನ ಬಿಟ್ಟು ಬನ್ನಿ.

ಜುಲೈ, ಡಿಸೆಂಬರ್ ಎರಡೂ ಬೇಡವೆನಿಸಿದರೆ ಸೆಪ್ಟೆಂಬರ್ ಕೊನೆ ನನ್ನ ಆಯ್ಕೆ. ಗದ್ದೆ ಇನ್ನೂ ಹಸಿರಾಗಿರುತ್ತದೆ, ಘಾಟಿಯ ಝರಿಗಳಲ್ಲಿ ನೀರಿರುತ್ತದೆ, ಮಳೆ ನಡುನಡುವೆ ಬಂದು ಹೋಗುವಷ್ಟಕ್ಕೆ ಇಳಿದಿರುತ್ತದೆ. ಸಮುದ್ರಕ್ಕೆ ಮಾತ್ರ ಆಗಲೂ ಇಳಿಯುವಂತಿಲ್ಲ. ಅಕ್ಟೋಬರ್‌ಗೆ ಸರಿದರೆ ಕುದ್ರೋಳಿಯ ದಸರಾ ಸಿಗಬಹುದು, ಆದರೆ ಆ ತಿಂಗಳ ಸಂಜೆಯ ಮಳೆ ಗುಡುಗು ಸಿಡಿಲಿನದ್ದು. ನಾಲ್ಕು ಗಂಟೆಯ ಮೇಲೆ ಬಯಲಲ್ಲಿ, ಕಡಲ ದಂಡೆಯಲ್ಲಿ ಇರಬೇಡಿ.